ಹದಿನಾರು ಅಡಿ ಐದಿಂಚು

ಜೂನ್ ೧೧

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಮಂಡಿನೋವು ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನೂ ನಿನ್ನ ಹೆಂಡತಿಯೂ ಮಗಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಂಬುವುದು ಬಿಟ್ಟರೆ ತಿಳಿದುಕೊಳ್ಳಲು ನನಗೆ ಬೇರೆ ದಾರಿಯಿಲ್ಲವಲ್ಲ. ಕಾಗದ ಬರೆದು ಬಹಳ ದಿನವಾಯಿತು, ತಪ್ಪು ನನ್ನದೇ ಎಂದು ಬರೆಯುವುದು ವಾಡಿಕೆ, ಅದಕ್ಕೇ ನಾನೂ ಬರೆದಿದ್ದೇನೆ. ನಿನ್ನ ಕಡೆಯಿಂದ ಎಷ್ಟು ದಿನವಾಯಿತೆಂದು ಕೇಳುವುದಿಲ್ಲ. ಹೋಟೆಲಿನವರೊಬ್ಬರು ಎಲ್ಲ ಕೋಣೆಗಳಿಗೂ ಪರದೆ ಹೊಲಿಸಲು ಕೊಟ್ಟಿದ್ದರು, ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು 'ಮೀಟಿಂಗ್‌ನಲ್ಲಿದ್ದೀನಿ ಅಕ್ಕ, ಆಮೇಲೆ ಮಾಡ್ತೀನಿ' ಎನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ವಿಷಯ ಇಷ್ಟು. ಹೋದ ವಾರ ಅಂಗಡಿಗೆ ಒಬ್ಬರು ಬಂದಿದ್ದರು. ಹಲ್ಲಿನ ಡಾಕ್ಟರು, ಈಗ ಕೆಲಸದಿಂದ ನಿವೃತ್ತರು. ಅವರ ಹೆಂಡತಿ ಮಲಗುವ ಕೋಣೆಗೆ ಪರದೆ ಹೊಲಿಸಿದ್ದರು, ಒಯ್ಯಲು ಇವರನ್ನು ಕಳಿಸಿದ್ದರು. ಆತ ಪರದೆಯನ್ನು ಬಿಚ್ಚಿ ಕೂಡ ನೋಡಲಿಲ್ಲ. ನಾನು ಕತ್ತರಿ ತೂಗುಹಾಕುವ ಹಿತ್ತಾಳೆ ಬಳೆ ಇದೆಯಲ್ಲ, ಅದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತರು. ಜೀವನವಿಡೀ ಬೇರೆಯವರ ಬಾಯಿ ಬಿಡಿಸಿದವರು ಹಾಗೆ ನಿಂತದ್ದು ನೋಡಿ ನನಗೆ ನಗು ಬಂತು.

'ಅಮ್ಮಾ, ಇದು ಟ್ರಾಮಿಂದು. ನಿಂತವರು ಹಿಡ್ಕೊಳ್ಳೋ ಬಳೆ. ನಿಮಗೆಲ್ಲಿ ಸಿಕ್ತು?' ಎಂದರು.

'ನಮ್ಮನೆ ಸೂರಲ್ಲಿ' ಎಂದೆ.

ಅವರು ಸಾರಿಗೆ ಮ್ಯೂಸಿಯಮ್ಮಿಗಾಗಿ ಊರಿನ ಹಳೇ ಟ್ರಾಮಿನ ಮಾದರಿ ಕಟ್ಟುತ್ತಿದ್ದಾರಂತೆ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ. ಕೈಕೆಲಸದಲ್ಲಿ ಪಳಗಿದವರು, ತೊಂದರೆ ಇರುವುದೆಲ್ಲ ಅಳತೆಯಲ್ಲಿ. ಕಾರ್ಖಾನೆಯ ನಕ್ಷೆಗಳು ಗೆದ್ದಲಿನ ಹೊಟ್ಟೆ ಸೇರಿವೆ. ಒಂದು ಪುಸ್ತಕ ಒಂದು ಉದ್ದ ಹೇಳಿದರೆ ಇನ್ನೊಂದು ಬೇರೆಯದೇ ಹೇಳುತ್ತದೆ, ಎಲ್ಲಿಂದ ಎಲ್ಲಿಗೆ ಅಳೆದದ್ದೆಂದು ಎರಡೂ ಹೇಳುವುದಿಲ್ಲ. ಬೇರೆ ಊರಿನಲ್ಲಿ ಉಳಿದಿರುವ ಗಾಡಿಗೆ ಎಂಟು ಕಿಟಕಿ, ನಮ್ಮೂರಿನದಕ್ಕೆ ಆರು. ಇರುವ ಒಂದು ಫೋಟೋವನ್ನು ಯಾರೋ ಮಹಾನುಭಾವ ಮುಂದಿನ ಮೂಲೆಯಿಂದ ತೆಗೆದಿದ್ದಾನೆ, ಪಕ್ಕದ ಉದ್ದ ಎಷ್ಟೆಂದು ಅದರಲ್ಲಿ ತಿಳಿಯುವುದಿಲ್ಲ. 'ಅಂದಾಜಿನ ಮೇಲೆ ಕಟ್ಟಬಹುದಲ್ಲ' ಎಂದೆ. ಅವರಿಗೆ ಸಿಟ್ಟೇ ಬಂತು. 'ಹಲ್ಲಿಗೆ ಕ್ಯಾಪ್ ಹಾಕೋವಾಗ ಕೂದಲೆಳೆಯಷ್ಟು ಹೆಚ್ಚಾದ್ರೂ ಬಾಯಿ ಮುಚ್ಚೋಕಾಗಲ್ಲ ಗೊತ್ತಾ?' ಎಂದರು.

ಆಮೇಲೆ ಅವರು ಹೇಳಿದ ಮಾತಿಗಾಗಿ ಈ ಕಾಗದ. ಮನೆ ಅಲಂಕಾರದ ಪತ್ರಿಕೆಯೊಂದರಲ್ಲಿ ನಗರದ ದೊಡ್ಡ ಎಂಜಿನಿಯರರ ಜಗುಲಿಯ ಚಿತ್ರ ನೋಡಿದರಂತೆ. ಅಲ್ಲೊಂದು ಉದ್ದನೆಯ ತೇಗದ ಬೆಂಚು. ನೋಡಿದ ಕೂಡಲೇ ಟ್ರಾಮಿನದೆಂದು ಗುರುತು ಹಿಡಿದು ಆ ಸಾಹೇಬರ ಆಫೀಸಿಗೇ ಹೋದರಂತೆ. ಸಾಹೇಬರು, 'ಹರಾಜಿನಲ್ಲಿ ಕೊಂಡದ್ದು, ಅದರ ಹಿಂದುಮುಂದು ನನಗೆ ಗೊತ್ತಿಲ್ಲ' ಎಂದು ಕೈ ತೊಳೆದುಕೊಂಡರಂತೆ.

ಸಾಹೇಬರು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ನಾನು ಡಾಕ್ಟರಿಗೂ ಹೇಳಲಿಲ್ಲ. 'ಅವರ ಮನೆಗೆ ನಾನು ಪರದೆ ಹೊಲಿದಿದ್ದೆ, ಕೇಳಿ ನೋಡ್ತೀನಿ' ಎಂದಷ್ಟೇ ಹೇಳಿದೆ. ಹೀಗೆ ಪರಿಚಯ ಹೇಳಿಕೊಳ್ಳುವುದನ್ನು ನಾನು ನಿನ್ನಿಂದಲೇ ಕಲಿತದ್ದು.

ನಿನಗೆ ಅದರ ಹಿಂದುಮುಂದು ಗೊತ್ತಿಲ್ಲವಾದ್ದರಿಂದ ಗೊತ್ತಿಲ್ಲದವರಿಗೆ ಹೇಳುವ ಹಾಗೇ ಹೇಳುತ್ತೇನೆ, ಕೇಳು. ಟ್ರಾಮು ಓಡುವುದು ನಿಂತ ಮೇಲೆ ಚಕ್ರ ಕಳಚಿ ಗಾಡಿಗಳನ್ನು ಮಾರಿದರು. ಮರದ ಅಡ್ಡೆಯ ಯಜಮಾನ ಒಂದನ್ನು ತಂದು ತನ್ನ ಬಯಲಿನಲ್ಲಿ ಇಟ್ಟುಕೊಂಡ. ಒಬ್ಬಳು ವಿಧವೆಗೆ ಅಲ್ಲಿ ಕಾವಲಿನ ಕೆಲಸ ಸಿಕ್ಕಿತು, ಅವಳಿಗೂ ಅವಳ ಎರಡು ಮಕ್ಕಳಿಗೂ ಆ ಗಾಡಿಯೇ ಮನೆಯಾಯಿತು. ಎರಡು ಕಡೆಯೂ ಕಿಟಕಿಗಳ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಬೆಂಚು. ಬಲಗಡೆಯ ಬೆಂಚು ತಾಯಿಯದು, ಎಡಗಡೆಯದು ಮಗನದು ಮತ್ತು ಮಗನ ಪುಸ್ತಕಗಳದು. ಮಗಳು ನಡುವೆ ನೆಲದಲ್ಲಿ. ಮಗ ಸಂಜೆಯಾದರೆ ಮುಂಭಾಗದಲ್ಲಿ ನಿಂತು, ಇಲ್ಲದ ಹಿಡಿಕೆ ತಿರುಗಿಸಿ, 'ಹತ್ತಿ ಹತ್ತಿ, ಬೇಗ ಹತ್ತಿ' ಎಂದು ಕೂಗುತ್ತಿದ್ದ. ತಾಯಿ ಅವನನ್ನು ಡ್ರೈವರಪ್ಪ ಎಂದು ಕರೆಯುತ್ತಿದ್ದಳು. ಅಡ್ಡೆ ಮುಚ್ಚಿ ಗಾಡಿ ಒಡೆಯುವ ದಿನ ಆ ಡ್ರೈವರಪ್ಪ ಲಾರಿ ತಂದು ಬಲಗಡೆಯ ಬೆಂಚನ್ನು ಹೊರಿಸಿಕೊಂಡು ಹೋದ. ತಾಯಿ ಎಷ್ಟು ಹಿಗ್ಗಿದಳೆಂದರೆ, 'ಮರ್ತಿಲ್ಲ ನೋಡು ಅವನು' ಎಂದು ಕಂಡವರಿಗೆಲ್ಲ ಹೇಳಿದಳು.

ಈಗ ನನಗೆ ಬೇಕಾದದ್ದು ಒಂದೇ. ಆ ಬೆಂಚನ್ನು ತುದಿಯಿಂದ ತುದಿಗೆ ಅಳೆದು ಬರೆ. ಬೆಂಚಿನ ಉದ್ದವೇ ಗಾಡಿಯ ಒಳಗಿನ ಉದ್ದ. ಕಿಟಕಿಯ ಲೆಕ್ಕ ನನ್ನ ಹತ್ತಿರವೇ ಇದೆ. ಅಮ್ಮ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿದ ಪರದೆಗಳನ್ನು ನಾನು ಎತ್ತಿಟ್ಟಿದ್ದೇನೆ. ಇಸ್ತ್ರಿ ಹಾಕಿ ಅಳೆದೆ, ಒಂದೊಂದೂ ಇಪ್ಪತ್ತೇಳು ಇಂಚು ಅಗಲ. ನನ್ನ ಕಸುಬಿನಲ್ಲಿ ಕಿಟಕಿ ಎರಡಡಿ ಇದ್ದರೆ ಬಟ್ಟೆ ಮೂರಡಿ ಬೇಕು, ಉಳಿದದ್ದು ನೆರಿಗೆಗೆ. ಆ ಪ್ರಕಾರ ಕಿಟಕಿ ಹದಿನೆಂಟು ಇಂಚು ಎಂದು ಡಾಕ್ಟರಿಗೆ ಹೇಳಿದ್ದೇನೆ. ಕಿಟಕಿಗಳ ನಡುವಿನ ಕಂಬ ಒಂದು ಅವರಿಗೇ ಗುಜರಿಯಲ್ಲಿ ಸಿಕ್ಕಿದೆ, ಅದು ಐದಿಂಚು. ಆರು ಕಿಟಕಿ, ಏಳು ಕಂಬ. ಕೂಡಿದ್ದು ನಿನ್ನ ಬೆಂಚಿಗೆ ತಾಳೆಯಾದರೆ ಅವರು ನೆಮ್ಮದಿಯಿಂದ ಕೆಲಸ ಶುರುಮಾಡುತ್ತಾರೆ.

ಟೇಪು ಹಿಡಿದು ಬಗ್ಗಿದರೆ ನಿನ್ನ ಗೌರವಕ್ಕೇನೂ ಕುಂದು ಬರಲಾರದು. ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಹೆದರಬೇಡ.


ಜುಲೈ ೯

ಪ್ರೀತಿಯ ತಮ್ಮನಿಗೆ,

ಆಶೀರ್ವಾದ. ನಿನ್ನ ಉತ್ತರ ಬಂತು. ಕೂಡಲೇ ತಿಳಿಸಬೇಕಿತ್ತು, ಅಂಗಡಿಯ ಮಾಡು ಸೋರಿ ಬಟ್ಟೆಯ ಥಾನುಗಳನ್ನೆಲ್ಲ ಜಾಗ ಬದಲಿಸುವುದರಲ್ಲಿ ವಾರ ಕಳೆದುಹೋಯಿತು. ನಾಲ್ಕು ಸಾಲಾದರೂ ಬರೆದೆಯಲ್ಲ, ಅದೂ ನಿನ್ನ ಕೈಯಿಂದಲೇ ಟೈಪು ಮಾಡಿ. 'ಬೆಂಚು ಸರಿಯಾಗಿ ಹನ್ನೆರಡು ಅಡಿ' ಎಂದು ಓದಿದ ಕೂಡಲೇ ಡಾಕ್ಟರ ಮನೆಗೆ ಹೋದೆ.

ಅವರು ಕಾಗದದ ಮೇಲೆ ಕೂಡಿ ನೋಡಿದರು. ನನ್ನ ಪರದೆಗಳ ಲೆಕ್ಕದಲ್ಲಿ ಹನ್ನೊಂದು ಅಡಿ ಹನ್ನೊಂದು ಇಂಚು. ನಿನ್ನ ಬೆಂಚಿನ ಲೆಕ್ಕದಲ್ಲಿ ಹನ್ನೆರಡು. ಒಂದೇ ಒಂದು ಇಂಚಿನ ವ್ಯತ್ಯಾಸ! ಆತ ಕುರ್ಚಿಯಿಂದ ಎದ್ದು ಹೆಂಡತಿಯನ್ನು ಕೂಗಿ ಕರೆದರು. 'ಹಳೇ ಬಟ್ಟೆ ಸ್ವಲ್ಪ ಕುಗ್ಗಿರುತ್ತೆ, ಇಂಚು ಲೆಕ್ಕಕ್ಕಿಲ್ಲ. ಇಬ್ಬರು ಬೇರೆಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದ್ರೆ ಇನ್ನೇನು ಬೇಕು?' ಎಂದರು. ಬಳಿಕ ಫೋಟೋ ನೋಡಿ, 'ಯಾಕೋ ಸ್ವಲ್ಪ ಕುಳ್ಳ ಅನ್ನಿಸ್ತಿದೆ' ಎಂದು ತಲೆ ಕೆರೆದುಕೊಂಡರು. 'ಲೆಕ್ಕ ಸರಿ ಇದೆಯಲ್ಲ ಡಾಕ್ಟ್ರೇ' ಎಂದು ನಾನೇ ಧೈರ್ಯ ಹೇಳಿದೆ.

ನಿಜ ಹೇಳಬೇಕೆಂದರೆ ಆ ದಿನ ನನಗೆ ಖುಷಿಯಾಯಿತು. ನಾವಿಬ್ಬರೂ ಸೇರಿ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತು. ನಾನು ಕಿಟಕಿ ಅಳೆದೆ, ನೀನು ಬೆಂಚು ಅಳೆದೆ, ಎರಡೂ ಹೊಂದಿಕೊಂಡವು. ದಾರಿಯಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ, ಎದುರಿಗೆ ಬಂದ ಹೆಂಗಸು ಸರಿದು ನಿಂತಳು.

ಆದರೆ ನಿನ್ನ ನಾಲ್ಕನೆಯ ಸಾಲನ್ನು ಮನೆಗೆ ಬಂದು ಮತ್ತೆ ಓದಿದೆ. 'ಮ್ಯೂಸಿಯಂ ಉದ್ಘಾಟನೆಗೆ ನಾನು ಮುಖ್ಯ ಅತಿಥಿ, ಅಲ್ಲಿ ಹಳೇ ವಿಷಯ ಎತ್ತದಿದ್ದರೆ ಉಪಕಾರ.' ಉಪಕಾರ ಎಂಬ ಮಾತನ್ನು ನೀನು ನನಗೆ ಯಾವತ್ತೂ ಬರೆದಿರಲಿಲ್ಲ. ಹಳೇ ವಿಷಯ ಇಟ್ಟುಕೊಳ್ಳಲೆಂದೇ ಮ್ಯೂಸಿಯಂ ಕಟ್ಟಿದ್ದು ಎಂದು ನಾನು ತಿಳಿದಿದ್ದೆ. ಇರಲಿ, ದೊಡ್ಡವರ ವಿಚಾರ ದೊಡ್ಡವರಿಗೆ ಗೊತ್ತು.

ಮಗಳಿಗೆ ಪರೀಕ್ಷೆ ಹೇಗಾಯಿತೆಂದು ತಿಳಿಸು. ಅವಳು ಒಳ್ಳೆಯ ಹುದ್ದೆಗೆ ಹೋಗಲಿ, ಅತ್ತೆಯೊಬ್ಬಳು ಇದ್ದಾಳೆಂದು ಅವಳಿಗೆ ಗೊತ್ತಿದ್ದರೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಕ್ಕ

ತಾ.ಕ.: ಬೆಂಚಿನ ಒಂದು ತುದಿಯಲ್ಲಿ ಕರಿ ಕಲೆಗಳಿದ್ದವು, ಅಮ್ಮ ಬಿಸಿ ಪಾತ್ರೆ ಇಳಿಸುತ್ತಿದ್ದ ಜಾಗ. ಪಾಲಿಶ್ ಮಾಡಿದ ಮೇಲೂ ಕಾಣುತ್ತವೆಯೇ? ಪತ್ರಿಕೆಯ ಚಿತ್ರದಲ್ಲಿ ಹುಡುಕಿದೆ, ಸಿಗಲಿಲ್ಲ.


ಸೆಪ್ಟೆಂಬರ್ ೨

ತಮ್ಮನಿಗೆ,

ತಡವಾದದ್ದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ.

ಡಾಕ್ಟರು ಮೊದಲು ರಟ್ಟಿನಲ್ಲಿ ಗಾಡಿ ಕಟ್ಟಿದ್ದರು. ಮರದಲ್ಲಿ ಕಟ್ಟುವ ಮುಂಚೆ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು ನನ್ನನ್ನು ಕರೆದರು. ಅವರ ಹಳೇ ಕ್ಲಿನಿಕ್ಕೇ ಈಗ ಕೆಲಸದ ಕೋಣೆ. ಹಲ್ಲು ಕೀಳುವ ಕುರ್ಚಿ ಇನ್ನೂ ಅಲ್ಲೇ ಇದೆ, ನಾನು ಅದರಲ್ಲೇ ಕೂತೆ. ದೊಡ್ಡ ದೀಪವನ್ನು ರಟ್ಟಿನ ಟ್ರಾಮಿನ ಮೇಲೆ ಬಗ್ಗಿಸಿದರು. ಮಾಡು ಇನ್ನೂ ಹಾಕಿರಲಿಲ್ಲ, ಒಳಗೆ ಎರಡು ಬೆಂಚು ಕಾಣುತ್ತಿದ್ದವು.

ಅವರು ಹಲ್ಲಿನ ಅಚ್ಚಿಗೆ ಬಳಸುವ ಮೇಣದಲ್ಲಿ ನಮ್ಮ ಸಾಮಾನುಗಳನ್ನು ಅದೇ ಲೆಕ್ಕಕ್ಕೆ ಮಾಡಿಟ್ಟಿದ್ದರು. 'ಮನೆ ಸಾಮಾನು ಹೇಗಿತ್ತೋ ಹಾಗೆ ಇಟ್ಟು ನೋಡಿ. ಎಲ್ಲ ಹಿಡಿದ್ರೆ ಅಳತೆ ಸರಿ' ಎಂದರು. ನಾನು ಬಲಗಡೆಯ ಬೆಂಚಿನ ಮೇಲೆ ಅಮ್ಮನ ಹಾಸಿಗೆ ಇಟ್ಟೆ. ಆಮೇಲೆ ಟ್ರಂಕು. ಆಮೇಲೆ ಹೊಲಿಗೆ ಮಿಷನ್ನು. ಆಮೇಲೆ ನೀರಿನ ಕೊಡ. ಬೆಂಚು ಮುಗಿಯಿತು. ಡಾಕ್ಟರು ಕಡಲೆ ಗಾತ್ರದ ಸ್ಟೌ ಒಂದನ್ನು ಚಿಮಟದಲ್ಲಿ ಹಿಡಿದುಕೊಂಡು ನಿಂತಿದ್ದರು.

'ಇದೆಲ್ಲಿಡ್ಲಿ?' ಎಂದರು.

'ಕೊಡದ ಪಕ್ಕ.'

'ಪಕ್ಕ ಎಲ್ಲಿದೆ? ಗೋಡೆ ಬಂತಲ್ಲ.'

ಎರಡು ಸಲ ತೆಗೆದು ಎರಡು ಸಲ ಜೋಡಿಸಿದೆ. ಸ್ಟೌವಿಗೂ ಪಾತ್ರೆಗಳಿಗೂ ಜಾಗವೇ ಇಲ್ಲ. ನನಗೆ ರೇಗಿತು. 'ಹಾಗಾದ್ರೆ ನಾವು ಉಪವಾಸವೇ ಬೆಳೆದ್ವಾ ಡಾಕ್ಟ್ರೇ?' ಎಂದೆ. ಪಾಪ, ಅವರ ಮೇಲೆ ಯಾಕೆ ಕೂಗಿದೆನೋ. ಅವರು ಸ್ಟೌವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, 'ಎಲ್ಲೋ ಒಂದು ಕಡೆ ತಪ್ಪಿದೆ. ಪರದೆ ಇನ್ನೊಂದ್ಸಲ ನೋಡಿ' ಎಂದರು.

ಮನೆಗೆ ಬಂದು ಪರದೆಗಳನ್ನು ಬಾಗಿಲ ಬೆಳಕಿನಲ್ಲಿ ಎತ್ತಿ ಹಿಡಿದೆ. ನಾಲ್ಕು ಮೂಲೆಯಲ್ಲೂ ತೂತು, ಮೇಲಿನ ಅಂಚಿನ ನಡುವೆಯೂ ಕೆಳಗಿನ ಅಂಚಿನ ನಡುವೆಯೂ ತೂತು, ಸುತ್ತ ತುಕ್ಕಿನ ಬಣ್ಣ. ಮೊದಲ ಸಲ ನೋಡಿದಾಗ ಹಳೇ ಬಟ್ಟೆ, ಜಿರಳೆ ತಿಂದಿರಬೇಕು ಎಂದುಕೊಂಡು ಅದರ ಮೇಲೇ ಇಸ್ತ್ರಿ ಎಳೆದಿದ್ದೆ. ಅವು ಮೊಳೆಯ ತೂತು ಕಣೋ. ಅಮ್ಮ ಪರದೆಯನ್ನು ತಂತಿಗೆ ಪೋಣಿಸಿರಲಿಲ್ಲ, ಕಿಟಕಿಯ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದಳು. ನೆರಿಗೆ ಬಿಡಲು ಅವಳ ಹತ್ತಿರ ಬಟ್ಟೆ ಎಲ್ಲಿತ್ತು? ಇಪ್ಪತ್ತೇಳು ಇಂಚಿನ ಕಿಟಕಿಗೆ ಇಪ್ಪತ್ತೇಳೇ ಇಂಚಿನ ಬಟ್ಟೆ.

ನೀನು ಮರೆತೆ, ನೀನು ಮರೆತೆ ಎಂದು ಹಲ್ಲು ಕಡಿಯುತ್ತಿದ್ದವಳು ನಾನು. ಶ್ರೀಮಂತರ ಮನೆಗಳಿಗೆ ನೆರಿಗೆ ಇಟ್ಟು ಇಟ್ಟು, ನನ್ನ ಅಮ್ಮನ ಕಿಟಕಿಗೆ ನೆರಿಗೆ ಇರಲಿಲ್ಲ ಎಂಬುದನ್ನೇ ಮರೆತುಬಿಟ್ಟಿದ್ದೆ. ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತೆ.

ಅತ್ತಾದ ಮೇಲೆ ಕೂಡಿದೆ. ಹದಿನಾರು ಅಡಿ ಐದಿಂಚು. ನಿನ್ನ ಬೆಂಚು ಹನ್ನೆರಡು ಅಡಿ. ನನ್ನ ತಪ್ಪು ಗೊತ್ತಾಯಿತು, ನಿನ್ನದೇನೆಂದು ತಿಳಿಯಲಿಲ್ಲ. ಒಂದೇ ಬೆಂಚಿಗೆ ಎರಡು ಉದ್ದ ಹೇಗೆ ಬರುತ್ತದೆ? ನೀನು ಪ್ರವಾಸದಲ್ಲಿದ್ದೀಯೆಂದು ಪೇಪರಿನಲ್ಲಿ ನೋಡಿ, ಟೇಪು ಕೈಚೀಲಕ್ಕೆ ಹಾಕಿಕೊಂಡು ನಿನ್ನ ಮನೆಗೆ ಹೋದೆ. ಹಿಂದೊಮ್ಮೆ ಬಂದಿದ್ದಾಗ ಬೆಂಚು ಬಡಗಿಯ ಹತ್ತಿರ ಪಾಲಿಶಿಗೆ ಹೋಗಿತ್ತು, ಹಾಗಾಗಿ ಅದನ್ನು ನಿನ್ನ ಜಗುಲಿಯಲ್ಲಿ ನೋಡಿದ್ದು ಇದೇ ಮೊದಲು.

ನಿನ್ನ ಹೆಂಡತಿ ಒಳ್ಳೆಯವಳು. ಬಂದಿದ್ದೇಕೆಂದು ಕೇಳದೆ ಕಾಫಿ ಮಾಡಿದಳು. ನಾನು ಬೆಂಚಿನ ತುದಿಯನ್ನು ಬೆರಳಿನಿಂದ ಸವರಿ ನೋಡಿದೆ. ಒಂದು ಕಡೆ ಹಳೇ ಕೆಲಸದ ದುಂಡು ಅಂಚು, ಇನ್ನೊಂದು ಕಡೆ ಗರಗಸದ ನೇರ ಅಂಚು. 'ಇದನ್ನ ಕತ್ತರಿಸಿದ್ರಾ?' ಎಂದು ಕೇಳಿದೆ.

'ಹೂಂ ಅತ್ತಿಗೆ, ಜಗುಲಿಗೆ ಉದ್ದ ಆಗ್ತಿತ್ತು. ಆ ಕಡೆ ತುದಿ ಹೇಗೂ ಕೆಟ್ಟುಹೋಗಿತ್ತು. ಯಾರೋ ಬುದ್ಧಿ ಇಲ್ಲದವರು ಅದರ ಮೇಲೇ ಒಲೆ ಇಟ್ಟು ಸುಟ್ಟಿದ್ದಾರೆ, ಅದನ್ನೇ ತೆಗೆಸೋಣ ಅಂತ ಇವರೇ ಗೆರೆ ಹಾಕಿಕೊಟ್ರು' ಎಂದಳು. ಆಮೇಲೆ, 'ನಿಮ್ಮದು ಮರದ ವ್ಯಾಪಾರ ಇತ್ತಲ್ಲ, ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತೆ' ಎಂದಳು.

ನಮ್ಮದು ಮರದ ವ್ಯಾಪಾರ! ಕಾಫಿ ನೆತ್ತಿಗೆ ಹತ್ತಿತು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ನೀನು ಹೇಳಿದ್ದನ್ನು ಅವಳು ನಂಬಿದ್ದಾಳೆ, ಅಷ್ಟೆ. ನಾನು ತಿದ್ದಲಿಲ್ಲ. ಅದು ನಿನ್ನ ಕೆಲಸ.

ಕತ್ತರಿಸಿದ ತುಂಡು ಎಲ್ಲಿದೆ ಎಂದೆ. ಹಿತ್ತಲಿಗೆ ಕರೆದೊಯ್ದಳು. ಎರಡು ಇಟ್ಟಿಗೆಗಳ ಮೇಲೆ ಮಲಗಿಸಿ ಹೂವಿನ ಕುಂಡ ಜೋಡಿಸಿದ್ದೀರಿ. ಕುಂಡಗಳನ್ನು ಒಂದೊಂದಾಗಿ ಇಳಿಸಿದೆ. ಮಳೆಗೆ ಬೆಳ್ಳಗಾದ ಮರದಲ್ಲಿ ಆ ಕರಿ ಬಳೆಗಳು ಹಾಗೇ ಇವೆ, ಒಂದರ ಮೇಲೊಂದು. ಅನ್ನದ ಪಾತ್ರೆಯದು ದೊಡ್ಡದು, ನಿನ್ನ ಹಾಲಿನ ಪಾತ್ರೆಯದು ಚಿಕ್ಕದು. ಅಳೆದೆ. ನಾಲ್ಕು ಅಡಿ ಐದಿಂಚು. ನಿನ್ನ ಹನ್ನೆರಡಕ್ಕೆ ಸೇರಿಸಿ ನೋಡು, ನೀನೇ ಎಂಜಿನಿಯರು.

ನಾನು ಸ್ಟೌ ಇಡಲು ಜಾಗ ಹುಡುಕಿ ಹುಡುಕಿ ಸಿಗದಿದ್ದದ್ದು ಇದಕ್ಕೇ. ನೀನು ಅಮ್ಮನ ಅಡುಗೆಮನೆಯನ್ನೇ ಗೆರೆ ಹಾಕಿ ಕೊಯ್ದು ತೆಗೆದಿದ್ದೀಯ. ಹನ್ನೆರಡು ಅಡಿ ಎಂದು ನನಗೆ ಬರೆದಾಗ ಇದು ನಿನಗೆ ಗೊತ್ತಿತ್ತು. ಕತ್ತರಿಸಿದ್ದೇವೆ ಅಕ್ಕ ಎಂದು ಒಂದು ಸಾಲು ಬರೆದಿದ್ದರೆ ಡಾಕ್ಟರ ಎರಡು ತಿಂಗಳ ಕೆಲಸ ಹಾಳಾಗುತ್ತಿರಲಿಲ್ಲ. ಕೇಳಿದ್ದು ಬೆಂಚಿನ ಉದ್ದ, ಇರುವ ಬೆಂಚಿನ ಉದ್ದ ಹೇಳಿದ್ದೇನೆ ಎನ್ನುತ್ತೀಯೇನೋ. ಅಂಥ ಮಾತು ಆಫೀಸಿನ ಕಡತದಲ್ಲಿ ನಡೆಯುತ್ತದೆ.

ಜಗಳ ಬೇಡ. ಡಾಕ್ಟರು ರಟ್ಟನ್ನು ಕಿತ್ತೆಸೆದು, ಹದಿನಾರು ಅಡಿ ಐದಿಂಚಿನ ಲೆಕ್ಕಕ್ಕೆ ಮರದಲ್ಲಿ ಹೊಸದಾಗಿ ಶುರುಮಾಡಿದ್ದಾರೆ. 'ಈಗ ನೋಡಿ, ಫೋಟೋದಲ್ಲಿರೋ ಗಾಡಿನೇ ಇದು' ಎಂದು ಕುಣಿಯುತ್ತಿದ್ದಾರೆ. ಉದ್ಘಾಟನೆಯ ದಿನ ಅದರ ಮುಂದೆ ನಿಂತು ಮಾತಾಡುವವನು ನೀನು. ನಿನ್ನಿಂದ ನಾನು ಈವರೆಗೆ ಏನನ್ನೂ ಬೇಡಿಲ್ಲ, ಈಗ ಬೇಡುತ್ತಿದ್ದೇನೆ. ಭಾಷಣದಲ್ಲಿ ಒಂದೇ ಒಂದು ವಾಕ್ಯ ಹೇಳು. 'ಇದು ನಾನು ಬೆಳೆದ ಮನೆ' ಎನ್ನು ಸಾಕು. ನನ್ನ ಹೆಸರು ಬೇಡ, ಅಮ್ಮನ ಕಾವಲಿನ ಕೆಲಸದ ಮಾತೂ ಬೇಡ. ಆ ಒಂದು ವಾಕ್ಯ ಹೇಳಿದರೆ ನಾನು ಇಲ್ಲಿಯವರೆಗಿನದೆಲ್ಲ ಗಾಳಿಗೆ ತೂರಿಬಿಡುತ್ತೇನೆ.

ನಿನ್ನ ಅಕ್ಕ

ತಾ.ಕ.: ತುಂಡನ್ನು ನಾನು ತರಲಿಲ್ಲ. ಕುಂಡಗಳನ್ನು ಮೊದಲಿದ್ದ ಹಾಗೇ ಇಟ್ಟು ಬಂದಿದ್ದೇನೆ.


ನವೆಂಬರ್ ೧೭

ಸಾಹೇಬರಿಗೆ,

ಉದ್ಘಾಟನೆಯಾಗಿ ಎರಡು ವಾರವಾಯಿತು. ಚೆನ್ನಾಗಿ ನಡೆಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ, ಪೇಪರಿನಲ್ಲೂ ಬಂದಿದೆ. ನಿನ್ನ ಕೋಟು ಹೊಸದು, ಬೆನ್ನಿನ ಹೊಲಿಗೆ ಸ್ವಲ್ಪ ಎಳೆದಿದೆ, ಬಿಚ್ಚಿ ಹಾಕಿಸು.

ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ನಿನ್ನ ಭಾಷಣದ ಒಂದೊಂದು ಮಾತನ್ನೂ ಕಿವಿ ನಿಮಿರಿಸಿ ಕೇಳಿದೆ. ಪರಂಪರೆ ಎಂದೆ, ಮುಂದಿನ ಪೀಳಿಗೆ ಎಂದೆ, ನಗರದ ನೆನಪು ಎಂದೆ. ಪ್ರತಿ ಸಲ ನೀನು ನೀರು ಕುಡಿದಾಗಲೂ ಈಗ ಹೇಳುತ್ತಾನೆ ಎಂದುಕೊಂಡೆ. ನೀನು ಧನ್ಯವಾದ ಹೇಳಿ ಇಳಿದೆ. ಜನ ಚಪ್ಪಾಳೆ ತಟ್ಟಿದರು, ಅಭ್ಯಾಸಬಲದಿಂದ ನಾನೂ ತಟ್ಟಿದೆ.

ಆಮೇಲೆ ಗಾಜಿನ ಮುಚ್ಚಳ ತೆಗೆದು ನಿನಗೆ ಗಾಡಿ ತೋರಿಸಿದರಲ್ಲ, ಆಗ ನಾನೂ ಹತ್ತಿರ ಬಂದಿದ್ದೆ. ಎಷ್ಟು ಚೆನ್ನಾಗಿತ್ತು! ಆರು ಕಿಟಕಿ, ಕಂಬಗಳು, ಸೂರಿನಲ್ಲಿ ಸಾಸಿವೆಯಷ್ಟು ಹಿತ್ತಾಳೆ ಬಳೆಗಳು. ಟ್ರಾಮು ಓಡುತ್ತಿದ್ದ ಕಾಲದ ಗಾಡಿಯನ್ನೇ ಡಾಕ್ಟರು ಕಟ್ಟಿದ್ದರು, ನಮ್ಮ ಹಾಸಿಗೆ ಸ್ಟೌ ಯಾವುದನ್ನೂ ಇಟ್ಟಿರಲಿಲ್ಲ, ಇಡಬೇಕೆಂದು ನಾನೂ ಕೇಳಿರಲಿಲ್ಲ. ಆದರೆ ನನಗೆ ಹೇಳದೆಯೇ ಒಂದು ಕೆಲಸ ಮಾಡಿದ್ದರು. ಬಲಗಡೆಯ ಬೆಂಚಿನ ತುದಿಯಲ್ಲಿ, ಹಲ್ಲಿನ ಕೆಲಸದ ಕಾದ ಸೂಜಿಯಿಂದ ಒಂದು ಕರಿ ಬಳೆಯ ಗುರುತು ಹಾಕಿದ್ದರು. ಬಗ್ಗಿ ಮತ್ತೊಮ್ಮೆ ನೋಡಿದೆ. ಓಡುವ ಗಾಡಿಯಲ್ಲಿ ಆ ಗುರುತು ಇರಲು ಸಾಧ್ಯವಿಲ್ಲ. ಕೂದಲೆಳೆ ಹೆಚ್ಚುಕಡಿಮೆಯಾದರೂ ಒಪ್ಪದ ಮನುಷ್ಯ, ಬೇಕೆಂದೇ ಒಂದು ತಪ್ಪು ಮಾಡಿದ್ದರು.

ನಿನ್ನ ಕಣ್ಣೂ ನೇರ ಅಲ್ಲಿಗೇ ಹೋಯಿತು. ನಾನು ನೋಡುತ್ತಲೇ ಇದ್ದೆ. ನೀನು ಬೆರಳು ತೋರಿಸಿ, 'ಇಲ್ಲೇನೋ ಕಲೆ ಆಗಿದೆ, ತೆಗೆಸಿಬಿಡಿ' ಎಂದೆ.

ಡಾಕ್ಟರು, 'ಅದು ಇರಬೇಕು ಸರ್. ಅದ್ರಿಂದಾನೇ ನಮಗೆ ಅಳತೆ ಸಿಕ್ಕಿದ್ದು' ಎಂದರು. ನಿನ್ನ ಮುಖವನ್ನೇ ನೋಡುತ್ತ, 'ನೀವೇನಾದ್ರೂ ಹೇಳ್ತೀರಾ ಸರ್?' ಎಂದು ಕೇಳಿದರು. ನೀನು ನನ್ನ ತಮ್ಮ ಎಂದು ಅವರಿಗೆ ನಾನು ಹೇಳಿರಲಿಲ್ಲ. ಬೆಂಚಿನ ಎರಡು ತುಂಡು ಯಾರ ಮನೆಯಲ್ಲಿವೆ, ನಮ್ಮಿಬ್ಬರ ಮೂಗು ಹೇಗಿದೆ, ಅಷ್ಟು ಸಾಕಾಗಿರಬೇಕು. ನೀನು, 'ಒಳ್ಳೆ ಕೆಲಸ, ಒಳ್ಳೆ ಕೆಲಸ' ಎಂದೆ.

ಆಗ ಅವರು ನನ್ನನ್ನು ಮುಂದೆ ಕರೆದರು. 'ಇವರೇ ಸರ್ ಅಳತೆ ಕೊಟ್ಟವರು. ಇದೇ ಗಾಡಿಯಲ್ಲಿ ಬೆಳೆದವರು.' ಫೋಟೋದವರು ಕ್ಯಾಮೆರಾ ಎತ್ತಿದರು. ನೀನು ಎರಡೂ ಕೈ ಜೋಡಿಸಿ, ತಲೆ ಸ್ವಲ್ಪ ಬಾಗಿಸಿ, 'ನಮಸ್ಕಾರ. ನಿಮ್ಮನ್ನ ನೋಡಿ ತುಂಬಾ ಸಂತೋಷ ಆಯ್ತು' ಎಂದೆ. ನಾನೂ 'ನಮಸ್ಕಾರ ಸರ್' ಎಂದೆ. ನಿನ್ನ ಹೆಂಡತಿ ಬಂದಿರಲಿಲ್ಲ, ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ಯೋಚಿಸುತ್ತೇನೆ.

ಆ ಫೋಟೋ ಪೇಪರಿನಲ್ಲಿ ಬಂದಿದೆ. ಕೆಳಗೆ ನಿನ್ನ ಹೆಸರಿದೆ, ಡಾಕ್ಟರ ಹೆಸರಿದೆ, 'ಮತ್ತಿತರರು' ಎಂದಿದೆ. ಡಾಕ್ಟರ ಹೆಂಡತಿ ಅದನ್ನು ಕತ್ತರಿಸಿ ತಂದುಕೊಟ್ಟರು. 'ನಿಮಗೆ ಬೇಜಾರಾಗಲ್ವಾ?' ಎಂದು ಕೇಳಿದರು. ಬೇಜಾರಲ್ಲಮ್ಮ, ಹೊಟ್ಟೆ ಉರಿಯುತ್ತೆ ಎಂದೆ. ಆಕೆ ಪಕ್ಕದಲ್ಲಿ ಕೂತು ನನ್ನ ಜೊತೆ ಗುಂಡಿ ಹಚ್ಚಿದರು.

ಇನ್ನು ಮೇಲೆ ನಾನು ಕಾಗದ ಬರೆಯುವುದಿಲ್ಲ. ಶಾಪ ಹಾಕಲು ನನಗೆ ಬಾಯಿ ಬರುವುದಿಲ್ಲ, ನಿನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ನಾನು. ಆರೋಗ್ಯವಾಗಿರು. ಮಗಳು ಸುಖವಾಗಿರಲಿ. ಜಗುಲಿಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಬೆಂಚಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿಸು, ಇಲ್ಲದಿದ್ದರೆ ಮರ ಸೀಳುತ್ತದೆ.

ನಿನ್ನ ಅಕ್ಕ

ತಾ.ಕ.: ಒಂದು ಮಾತನ್ನು ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ಹೊಸ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದ ದಿನ, ನಿನ್ನ ಮೇಲಧಿಕಾರಿ ನನ್ನನ್ನು ತೋರಿಸಿ ಯಾರೆಂದು ಕೇಳಿದಾಗ 'ಪರದೆ ಹೊಲಿದವರು' ಎಂದೆಯಲ್ಲ, ಅದನ್ನು ನಾನು ನುಂಗಿಕೊಂಡೆ. ಹೊಲಿದದ್ದು ಹೌದು. ಆದರೆ ಅಮ್ಮ ಆಗ ಬಾಗಿಲ ಮರೆಯಲ್ಲೇ ನಿಂತಿದ್ದಳು. ಅಲ್ಲಿಂದ ಅಡುಗೆಮನೆಗೆ ಹೋಗಿ, ಕೂಲಿಗೆ ಬಂದ ಅಡುಗೆಯವರ ನಡುವೆ ಕೂತವಳು ಕೊನೆಯ ಅತಿಥಿ ಹೋಗುವವರೆಗೂ ಹೊರಗೆ ಬರಲಿಲ್ಲ. ಅಮ್ಮನಿಗೆ ಜನ ಕಂಡರೆ ಆಗುವುದಿಲ್ಲ ಎಂದು ನೀನು ಎಲ್ಲರಿಗೂ ಹೇಳಿದೆ. ನಾನು ಕರೆಯಲು ಹೋದಾಗ ಅವಳು ನನ್ನ ಕೈ ಹಿಡಿದು, 'ಬೇಡ ಕಣೇ. ನಿನ್ನನ್ನ ಹಾಗಂದಾಗ ಅವನ ಮುಖ ಹೇಗಾಯ್ತು ನೋಡಿದ್ಯಾ? ನಾನೂ ಎದುರಿಗೆ ಹೋದ್ರೆ ನನ್ನನ್ನ ಏನಂತ ಹೇಳ್ತಾನೆ? ಪಾಪ, ಸುಳ್ಳು ಹೇಳೋದು ಅವನಿಗೆ ಬರಲ್ಲ' ಎಂದಳು. ಸಾಯುವವರೆಗೂ ಹಾಗೇ ನಂಬಿಕೊಂಡಿದ್ದಳು. ಮೊನ್ನೆ ನೀನು ನನಗೆ ನಮಸ್ಕಾರ ಮಾಡಿದಾಗ ನಾನು ನಿನ್ನ ಮುಖವನ್ನು ಹತ್ತಿರದಿಂದಲೇ ನೋಡಿದೆ. ಏನೂ ಆಗಲಿಲ್ಲ.